ಹದಿಮೂರನೆಯ ಸಾಲು

ಮಾರ್ಚ್ ೩, ಸೋಮವಾರ

ಸಂಜೆ ಆರೂಮುಕ್ಕಾಲು. ಇಂದು ಹದಿನಾಲ್ಕು ಜೊತೆ ಕನ್ನಡಕದ ಗಾಜು ಉಜ್ಜಿದೆ. ಎರಡು ಜೊತೆ ತುಂಬಾ ದಪ್ಪದವು, ಅಂಚು ತೆಳ್ಳಗೆ ಮಾಡಲು ಮಧ್ಯಾಹ್ನವೆಲ್ಲ ಹಿಡಿಯಿತು. ಅಣ್ಣ ಹೋಗಿ ಇಂದಿಗೆ ಐದು ವಾರ. ಕೆಲಸದಿಂದ ಬಂದು ಶೂ ಬಿಚ್ಚಲು ಕೂತವನು ಏಳಲಿಲ್ಲ. ಒಂದು ಶೂ ಬಿಚ್ಚಿಯಾಗಿತ್ತು. ಇನ್ನೊಂದನ್ನು ಆಮೇಲೆ ಯಾರು ಬಿಚ್ಚಿದರು ಎಂದು ನನಗೆ ದಿನವೂ ಯೋಚನೆ. ಕೇಳುವ ಧೈರ್ಯವಿಲ್ಲ.

ಅತ್ತಿಗೆ ಅಂಗಡಿಗೇ ಬಂದಿದ್ದರು, ಒಂದು ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು. ಒಳಗೆ ಅಣ್ಣನ ಹಳೆಯ ವಿಡಿಯೋ ಗೇಮ್, ಅಂಗೈಯಲ್ಲಿ ಹಿಡಿದು ಆಡುವಂಥದ್ದು. ಅದರಲ್ಲಿ ಹಕ್ಕಿ ಹಿಡಿದು ಸಾಕುವ ಆಟದ ಕ್ಯಾಸೆಟ್. ಪಕ್ಕದಲ್ಲಿ ಎರಡು ಗೇಮ್‌ಗಳನ್ನು ಸೇರಿಸುವ ಬೂದು ಬಣ್ಣದ ಕೇಬಲ್, ರಬ್ಬರ್ ಬ್ಯಾಂಡ್ ಸುತ್ತಿದ್ದು.

"ನಿನ್ನ ಗೇಮ್ ಇನ್ನೂ ಇದೆಯಾ?"

"ಅಟ್ಟದ ಮೇಲೆ ಇರಬೇಕು ಅತ್ತಿಗೆ."

"ಚಿಣ್ಣಿ ದಿನಾ ಅಪ್ಪನ ಹಕ್ಕಿ, ಅಪ್ಪನ ಹಕ್ಕಿ ಅಂತಾಳೆ. ಇದು ಒಂದ್ಸಲ ಆನ್ ಆದ್ರೆ ಇನ್ನೊಂದ್ಸಲ ಆಗಲ್ಲ. ನಿಮ್ಮಣ್ಣನೇ ಹೇಳ್ತಿದ್ರು, ಯಾವತ್ತೋ ಒಂದಿನ ಎಲ್ಲ ಅಳಿಸಿಹೋಗುತ್ತೆ ಅಂತ. ಅಷ್ಟರೊಳಗೆ ಹಕ್ಕಿಗಳನ್ನ ನಿನ್ನದಕ್ಕೆ ಹಾಕ್ಕೊಂಡು ಅವಳಿಗೆ ಕೊಡು. ನನಗಂತೂ ಇದರ ತಲೆಬುಡ ಗೊತ್ತಿಲ್ಲ."

ಅಂಗಡಿಯ ಯಜಮಾನರು ಪರದೆಯ ಹಿಂದಿನಿಂದ ಇಣುಕಿ, "ಗೇಮ್‌ಗೂ ಕನ್ನಡಕ ಹಾಕಿಸ್ತೀರಾ?" ಅಂದರು. ನಾವು ಯಾರೂ ನಗಲಿಲ್ಲ. ಪಾಪ, ಅವರೇ ಒಳಗೆ ಹೋದರು.

ಚಿಣ್ಣಿ ಅಣ್ಣನ ಮಗಳು, ಹತ್ತು ವರ್ಷ. ಅವಳಿಗಾಗಿ ಮಾಡುತ್ತೇನೆ.

ಮಾರ್ಚ್ ೫, ಬುಧವಾರ

ಅಟ್ಟದಲ್ಲಿ ಹಳೆಯ ಪರದೆಗಳ ಗಂಟಿನೊಳಗೆ ನನ್ನ ಗೇಮ್ ಸಿಕ್ಕಿತು. ಊಟದ ಬಿಡುವಿನಲ್ಲಿ ಎರಡನ್ನೂ ರೇಡಿಯೋ ರಿಪೇರಿ ತಾತನ ಹತ್ತಿರ ಒಯ್ದೆ.

"ಕ್ಯಾಸೆಟ್ ಒಳಗೆ ಅಂಗಿ ಗುಂಡಿಯಷ್ಟು ಸೆಲ್ ಇರುತ್ತಮ್ಮ. ಆಡಿದ್ದನ್ನೆಲ್ಲ ನೆನಪಿಟ್ಟುಕೊಳ್ಳೋದು ಅದೇ. ನಿಂದು ಯಾವ ಕಾಲಕ್ಕೋ ಸತ್ತಿದೆ. ಹೊಸದು ಹಾಕಿಕೊಡ್ತೀನಿ, ಮೊದಲಿಂದ ಆಡು. ಇದು ಯಾರದು?"

"ಅಣ್ಣಂದು."

"ಇದು ಇನ್ನೂ ಹೆಂಗೋ ಉಸಿರು ಹಿಡ್ಕೊಂಡಿದೆ."

"ಇದಕ್ಕೂ ಹೊಸ ಸೆಲ್ ಹಾಕಿ."

"ನನ್ನ ಕೈಯಲ್ಲಿ ಹಳೇದು ತೆಗೆದ್ರೆ ಒಳಗಿರೋದೆಲ್ಲ ಖಾಲಿ. ಮೊದಲು ಕೇಬಲ್ ಹಾಕಿ ನಿಂದಕ್ಕೆ ಸಾಗಿಸು. ತಡ ಮಾಡಬೇಡ. ಇದು ದಿನದ ಮಾತು, ವರ್ಷದ್ದಲ್ಲ."

ಹಳೆಯ ಕೇಬಲ್ ಪ್ಲಗ್ಗಿನ ಹತ್ತಿರವೇ ತುಂಡಾಗಿದೆ, ಮುಟ್ಟಿದರೆ ರಬ್ಬರು ಪುಡಿಯಾಗುತ್ತದೆ. ತಾತ ಹೊಸತೊಂದು ಕೊಟ್ಟರು. ಕಪ್ಪು, ತೆಳ್ಳಗೆ, ಶೂ ಲೇಸಿನ ಹಾಗಿದೆ.

ಮಾರ್ಚ್ ೭, ಶುಕ್ರವಾರ

ಹೊಸ ಕೇಬಲ್ ಎರಡು ದಿನ ಸತಾಯಿಸಿತು. ಪ್ಲಗ್ಗು ಸರಿಯಾಗಿ ಕೂರುತ್ತದೆ, ಎರಡೂ ಗೇಮ್ "ಕಾಯಿರಿ" ಎಂದು ತೋರಿಸುತ್ತವೆ, ಕಾಯುತ್ತಲೇ ಇರುತ್ತವೆ. ತಾತನನ್ನು ಕೇಳಿದರೆ, "ಇದನ್ನ ಮಾಡಿದವರು ತಂತಿಗಳನ್ನ ನೇರ ಎಳೆದುಬಿಟ್ಟಿದ್ದಾರೆ. ಈ ತುದಿಯ ಕಳಿಸೋ ತಂತಿ ಆ ತುದಿಯ ಕೇಳೋ ತಂತಿಗೆ ಹೋಗಬೇಕು. ಇದರಲ್ಲಿ ಇಬ್ಬರೂ ಮಾತಾಡ್ತಾರೆ, ಇಬ್ಬರೂ ಕೇಳಲ್ಲ, ನಮ್ಮ ಮನೆ ಥರ," ಅಂದರು.

ಇಂದು ಫ್ರೇಮಿನ ಬೆಸುಗೆ ಕಡ್ಡಿ ಬಿಸಿ ಇರುವಾಗಲೇ ಕೇಬಲನ್ನು ನಡುವೆ ಕತ್ತರಿಸಿ ಎರಡು ತಂತಿಗಳನ್ನು ಅಡ್ಡ ಸೇರಿಸಿದೆ. ಕೂದಲಿನಂಥ ತಂತಿ. ಸಂಜೆ ಮನೆಯಲ್ಲಿ ಹಾಕಿದೆ. ಎರಡೂ ಪರದೆಯಲ್ಲಿ ಒಟ್ಟಿಗೆ ಗಂಟೆ ಬಾರಿಸಿತು. ಐದು ವಾರದಲ್ಲಿ ಮೊದಲ ಸಲ ಏನನ್ನೋ ಸರಿ ಮಾಡಿದೆ ಅನ್ನಿಸಿತು.

ಆಗ ಸೂಜಿಯ ನೆನಪು ಬಂತು.

ಸೂಜಿ ಆ ಆಟದಲ್ಲಿ ನನ್ನ ಗಿಡುಗ. ನನಗೆ ಹನ್ನೊಂದು ವರ್ಷ, ಅಣ್ಣನಿಗೆ ಹದಿನಾಲ್ಕು. ಶಾಲೆಯ ರಜೆಯೆಲ್ಲ ಕೂತು ಮೊಟ್ಟೆಯಿಂದ ಮರಿ ಮಾಡಿದ್ದೆ. ಅಣ್ಣನ ಗೆಳೆಯರಲ್ಲಿ ಯಾರ ಹತ್ತಿರವೂ ಗಿಡುಗ ಇರಲಿಲ್ಲ. ಅಣ್ಣ ಅವನ ಗೆಳೆಯ ಉದ್ದಣ್ಣನಿಂದ ಕೇಬಲ್ ಒಂದು ವಾರಕ್ಕೆಂದು ತಂದಿದ್ದ. "ಒಂದೇ ದಿನಕ್ಕೆ ಸೂಜಿ ಕೊಡೇ, ನಾಳೆ ವಾಪಸ್," ಅಂದ. ಕೊಟ್ಟೆ. ಮರುದಿನ ವಾಪಸು ಕಳಿಸಲು ಹಾಸಿಗೆಯ ಮೇಲೆ ಎದುರುಬದುರು ಕೂತೆವು. ನನಗೆ ಕೂತಲ್ಲಿ ಕಾಲು ಅಲ್ಲಾಡಿಸುವ ಚಾಳಿ. ಪರದೆ ನಡುಗಿ, "ಸಂಪರ್ಕ ಕಡಿದಿದೆ" ಎಂದು ಬಂತು. ಅವನ ಪಟ್ಟಿಯಲ್ಲೂ ಸೂಜಿ ಇಲ್ಲ, ನನ್ನದರಲ್ಲೂ ಇಲ್ಲ. "ನಿನ್ನ ಕಾಲಿಂದ ಕೇಬಲ್ ಸಡಿಲ ಆಯ್ತು. ತಂತಿಯೊಳಗೇ ಸತ್ತುಹೋಯ್ತು," ಅಂದ. ಪಾಪ ಅನ್ನಿಸಿ ಉದ್ದಣ್ಣ ಕೇಬಲನ್ನು ನಮಗೇ ಬಿಟ್ಟುಕೊಟ್ಟನಂತೆ. ಅದರಲ್ಲಿ ನಾವು ವರ್ಷಗಟ್ಟಲೆ ಹಕ್ಕಿ ಪಂದ್ಯ ಆಡಿದೆವು. ಆದರೆ ಆಮೇಲೆ ನಾನು ಯಾವ ಹಕ್ಕಿಯನ್ನೂ ತಂತಿಯಲ್ಲಿ ಕಳಿಸಲಿಲ್ಲ.

ಇವತ್ತಿಗೂ ಕುರ್ಚಿಯಲ್ಲಿ ಕೂತರೆ ಎಡಗಾಲನ್ನು ಕುರ್ಚಿಯ ಕಾಲಿಗೆ ಸುತ್ತಿಕೊಂಡೇ ಕೂರುತ್ತೇನೆ. ಮನೆಯಲ್ಲಿ ಅದೊಂದು ತಮಾಷೆ. ಅಣ್ಣನ ಮದುವೆಯ ದಿನ ಫೋಟೋಕ್ಕೆ ಕೂತಾಗಲೂ, "ಇವಳನ್ನ ತುದಿಗೆ ಕೂರಿಸಿ, ಕಾಲಲ್ಲಿ ಕರೆಂಟಿದೆ," ಅಂದಿದ್ದ. ಎಲ್ಲರೂ ನಕ್ಕಿದ್ದರು. ನಾನೂ.

ಮಾರ್ಚ್ ೯, ಭಾನುವಾರ

ಮಧ್ಯಾಹ್ನ ಎರಡಕ್ಕೆ ಶುರು ಮಾಡಿದೆ. ಈ ಆಟದಲ್ಲಿ ಸುಮ್ಮನೆ ಕೊಡಲು ಆಗುವುದಿಲ್ಲ. ಒಂದು ಹಕ್ಕಿ ಬರಬೇಕಾದರೆ ಒಂದು ಹೋಗಬೇಕು. ಅದಕ್ಕೆಂದೇ ನಾಲ್ಕು ದಿನದಿಂದ ನನ್ನ ಕ್ಯಾಸೆಟ್ಟಿನಲ್ಲಿ ಗುಬ್ಬಿ ಹಿಡಿಯುತ್ತಿದ್ದೇನೆ, ನಲವತ್ತಮೂರು ಗುಬ್ಬಿ. ಅಮ್ಮ ನೋಡಿ, "ವಯಸ್ಸು ನಲವತ್ತಾಗ್ತಾ ಬಂತು, ಗುಬ್ಬಿ ಹಿಡೀತಾಳಂತೆ," ಅಂದರು. ಅವರ ಮುಖದಲ್ಲಿ ನಗುವಿನ ಎಳೆ ಇತ್ತು. ನೋಡಿ ಬಹಳ ದಿನವಾಗಿತ್ತು.

ಒಂದೊಂದಕ್ಕೆ ನಾಲ್ಕು ನಿಮಿಷ. ಗುಬ್ಬಿ ಆಚೆ, ಅಣ್ಣನ ಹಕ್ಕಿ ಈಚೆ. ಪ್ರತಿ ಹಕ್ಕಿಯ ಕೆಳಗೆ ಮೊದಲು ಸಾಕಿದವರ ಹೆಸರು ಇರುತ್ತದೆ, ಅದು ಎಲ್ಲಿಗೆ ಹೋದರೂ ಬದಲಾಗುವುದಿಲ್ಲ. ಅಣ್ಣನ ಹೆಸರು ಒಂದೊಂದಾಗಿ ನನ್ನ ಕೈಗೆ ಬರುತ್ತಿತ್ತು. ಗೂಬೆ, ಮಿಂಚುಳ್ಳಿ, ಎರಡು ಪಾರಿವಾಳ. ಹನ್ನೆರಡು ಬಂದವು.

ಹನ್ನೆರಡನೆಯದರ ಹೊತ್ತಿಗೆ ಬೆರಳು ಜಾರಿ ಅಣ್ಣನ ಗೇಮಿನಲ್ಲಿ ಬೇರೊಂದು ಪುಟ ತೆರೆಯಿತು. ಕೊಟ್ಟದ್ದು, ಪಡೆದದ್ದು. ಮೇಲಿನ ಹನ್ನೆರಡು ಸಾಲು ಇಂದಿನ ನನ್ನವು. ಹದಿಮೂರನೆಯ ಸಾಲು ಹೀಗಿದೆ, ಇದ್ದ ಹಾಗೇ ಬರೆದುಕೊಳ್ಳುತ್ತೇನೆ:

ಕೊಟ್ಟದ್ದು ಸೂಜಿ. ಪಡೆದದ್ದು ಗುಬ್ಬಿ. ಯಾರಿಗೆ, ಉದ್ದ.

ಎರಡೂ ಗೇಮ್ ಆರಿಸಿ ಕೇಬಲ್ ತೆಗೆದೆ.

ಮಾರ್ಚ್ ೧೦, ಸೋಮವಾರ

ಒಂದು ಗಾಜು ಒಡೆದೆ. ಹನ್ನೆರಡು ವರ್ಷದಲ್ಲಿ ಮೊದಲನೆಯದು.

ಮಾರ್ಚ್ ೧೨, ಬುಧವಾರ

ಯೋಚಿಸಿದಷ್ಟೂ ಒಂದೇ ಅರ್ಥ. ಕೇಬಲ್ ಕಡಿದಿದ್ದರೆ ಆ ಪುಟದಲ್ಲಿ ಸಾಲೇ ಬೀಳುವುದಿಲ್ಲ. ಎರಡೂ ಕಡೆ ಗಂಟೆ ಬಾರಿಸಿದ ಮೇಲೆಯೇ ಅದು ಬರೆಯುವುದು. ಅಂದರೆ ನಾವು ಹಾಸಿಗೆಯ ಮೇಲೆ ಕೂರುವ ಮೊದಲೇ ಸೂಜಿ ಉದ್ದಣ್ಣನ ಹತ್ತಿರ ಹೋಗಿಯಾಗಿತ್ತು. ಅವನ ಪಟ್ಟಿಯಲ್ಲಿ ಇಲ್ಲದ ಹಕ್ಕಿಯನ್ನು ವಾಪಸು ಕಳಿಸುವ ನಾಟಕ ಆಡಿ, ಕೇಬಲನ್ನು ಅವನೇ ಎಳೆದ. ಆಮೇಲೆ ನನ್ನ ಕಾಲಿನ ಕಡೆ ನೋಡಿದ. ಆ ನೋಟ ನನಗೆ ಚೆನ್ನಾಗಿ ನೆನಪಿದೆ.

ಒಂದು ದಿನದ ಸುಳ್ಳಾಗಿದ್ದರೆ ಮಕ್ಕಳಾಟ ಅನ್ನಬಹುದಿತ್ತು. ಇಪ್ಪತ್ತೆಂಟು ವರ್ಷ ನನ್ನ ಕಾಲನ್ನು ಎಲ್ಲರ ಮುಂದೆ ತಮಾಷೆ ಮಾಡಿದ.

ಆ ಪುಟ ಇಪ್ಪತ್ತು ಸಾಲು ಮಾತ್ರ ಇಟ್ಟುಕೊಳ್ಳುತ್ತದೆ. ಹೊಸದು ಮೇಲೆ ಬಂದಂತೆ ಹಳೆಯದು ಕೆಳಗಿನಿಂದ ಬಿದ್ದುಹೋಗುತ್ತದೆ. ಇನ್ನೂ ಏಳು ಹಕ್ಕಿ ಸಾಗಿಸಬಹುದು. ಎಂಟನೆಯದಕ್ಕೆ ಈ ಸಾಲು ಇರುವುದಿಲ್ಲ. ಮೂವತ್ತೊಂದು ಹಕ್ಕಿ ಬಾಕಿ ಇವೆ. ಮೊಬೈಲಿನಲ್ಲಿ ಫೋಟೋ ತೆಗೆದು ನೋಡಿದೆ. ಆ ಪರದೆಗೆ ಬೆಳಕಿಲ್ಲ, ಫೋಟೋದಲ್ಲಿ ನನ್ನ ಮೂಗೇ ಕಾಣುತ್ತದೆ. ಬರೆದುಕೊಂಡದ್ದನ್ನು ತೋರಿಸಿದರೆ ನೀನೇ ಬರೆದದ್ದು ಅನ್ನುತ್ತಾರೆ. ಅವನದೇ ಗೇಮಿನಲ್ಲಿ ಇರಬೇಕು, ಎಲ್ಲರಿಗೂ ತೋರಿಸುವವರೆಗೆ.

ಡಬ್ಬಿಯನ್ನು ಬೀರುವಿನ ಮೇಲಿಟ್ಟೆ.

ಮಾರ್ಚ್ ೧೫, ಶನಿವಾರ

ಮೊದಲು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು.

"ಏನಿದು, ಇರುವೆ ಸಾಲು?"

ಹೇಳಿದೆ. ಅಮ್ಮ ಸೆರಗಿನಲ್ಲಿ ಪರದೆ ಒರೆಸಿ ವಾಪಸು ಕೊಟ್ಟರು. "ಹೋದವನ ಹತ್ತಿರ ಜಗಳ ಆಡ್ತೀಯಾ?"

"ಇದ್ದವನ ಹತ್ತಿರ ಆಡೋಕೆ ನನಗೆ ಗೊತ್ತೇ ಇರಲಿಲ್ವಲ್ಲ."

"ಹಕ್ಕಿ ಕಣೇ. ಅದೂ ಗಾಜಿನೊಳಗಿಂದು."

ಸಂಜೆ ಅತ್ತಿಗೆಯ ಮನೆಗೆ ಹೋದೆ. ಚಿಣ್ಣಿ ಟ್ಯೂಷನ್ನಿಗೆ ಹೋಗಿದ್ದಳು. ಅತ್ತಿಗೆ ಬಟ್ಟೆ ಮಡಚುತ್ತಿದ್ದರು. ಅಣ್ಣನ ಅಂಗಿಗಳು ಬೇರೆ, ಇವರಿಬ್ಬರ ಬಟ್ಟೆಗಳು ಬೇರೆ. ನಾನು ಗೇಮ್ ಮುಂದೆ ಹಿಡಿದೆ. ಅವರು ನೋಡಲೇ ಇಲ್ಲ.

"ಸೂಜಿ ವಿಷಯಾನಾ? ಉದ್ದಣ್ಣಂಗೆ ಕೊಟ್ಟಿದ್ದು?"

ಹಿಡಿದಿದ್ದ ಗೇಮನ್ನು ಕೆಳಗಿಳಿಸಿದೆ.

"ಮದುವೆ ಆದ ಹೊಸದರಲ್ಲಿ ಹೇಳಿದ್ರು. ಕೇಬಲ್ ಬೇಕಿದ್ರೆ ಗಿಡುಗ ಕೊಡು ಅಂದನಂತೆ ಉದ್ದಣ್ಣ. ಕೇಬಲ್ ಇಲ್ದಿದ್ರೆ ನಿಮ್ಮಿಬ್ಬರಿಗೂ ಆಟ ಇಲ್ವಲ್ಲ, ಅದಕ್ಕೆ ಕೊಟ್ಟುಬಿಟ್ಟೆ ಅಂತ. ನಿಂಗೆ ಹೇಳಿರ್ತಾರೆ ಅಂದ್ಕೊಂಡಿದ್ದೆ."

"ಮತ್ತೆ ಕಾಲಲ್ಲಿ ಕರೆಂಟು ಅಂತ ಎಲ್ಲರೂ ನಗೋವಾಗ ನೀವೂ ನಗ್ತಿದ್ರಲ್ಲ."

ಅತ್ತಿಗೆ ಮಡಚಿದ ಅಂಗಿಯನ್ನು ಬಿಡಿಸಿ ಮತ್ತೆ ಮಡಚಿದರು. "ಅವರು ನಗ್ತಿದ್ರು, ನಾನೂ ನಕ್ಕೆ."

ಚಹಾ ಕುಡಿಯದೆ ಎದ್ದು ಬಂದೆ. ಬಾಗಿಲ ಹತ್ತಿರ ಅವರು, "ಹಕ್ಕಿ ಎಲ್ಲ ಬಂತಾ? ಚಿಣ್ಣಿ ಕೇಳ್ತಾಳೆ. ಅವಳಿಗೂ ಅದೇ ಕಥೆ ಹೇಳಿಟ್ಟಿದ್ದಾರೆ, ತಂತಿಯೊಳಗೆ ಸತ್ತಿದ್ದು. ನೀನೀಗ ಬೇರೆ ಏನೂ ಹೇಳೋಕೆ ಹೋಗಬೇಡ," ಅಂದರು.

ಮಾರ್ಚ್ ೧೬, ಭಾನುವಾರ

ಡಬ್ಬಿ ಮುಟ್ಟಲಿಲ್ಲ. ಇಡೀ ದಿನ ಮನೆಯ ಫ್ಯಾನುಗಳನ್ನು ಬಿಚ್ಚಿ ತೊಳೆದೆ. ಮೂರು ಫ್ಯಾನು.

ಯಾರಿಗೆ ತೋರಿಸಲೆಂದು ಆ ಸಾಲನ್ನು ಕಾಯುತ್ತಿದ್ದೆನೋ ಆ ಅತ್ತಿಗೆಗೆ ಮೊದಲೇ ಗೊತ್ತಿತ್ತು. ಅಮ್ಮನಿಗೆ ಗೊತ್ತಿರಲಿಲ್ಲ, ಆದರೆ ಅವರಿಗೆ ಬೇಕಾಗಿಯೂ ಇಲ್ಲ. ಚಿಣ್ಣಿಯ ತಲೆಯಲ್ಲೂ ನಾನು ಕಾಲು ಅಲ್ಲಾಡಿಸಿ ಹಕ್ಕಿ ಕೊಂದವಳು. ಅವಳ ಮಕ್ಕಳಿಗೂ ಇದನ್ನೇ ಹೇಳುತ್ತಾಳೆ.

ನೀನು ಬದುಕಿದ್ದರೆ ಮನೆಗೆ ಬಂದು ಕೇಳುತ್ತಿದ್ದೆ ಅಣ್ಣ. ಶೂ ಬಿಚ್ಚುವುದಕ್ಕೂ ಬಿಡುತ್ತಿರಲಿಲ್ಲ.

ಮಾರ್ಚ್ ೧೯, ಬುಧವಾರ

ಉದ್ದಣ್ಣ ಈಗ ಕಾರು ಕಲಿಸುವ ಸ್ಕೂಲಿನಲ್ಲಿ ಮೇಷ್ಟ್ರು. ಅವನ ಪಾಠ ಮುಗಿಯುವವರೆಗೆ ಮೈದಾನದ ಅಂಚಿನಲ್ಲಿ ನಿಂತಿದ್ದೆ. ಕಲಿಯುವ ಹೆಂಗಸು ಗುರುತಿಗೆ ಇಟ್ಟಿದ್ದ ಖಾಲಿ ಬ್ಯಾರಲ್ಲಿಗೆ ಕಾರು ತಾಗಿಸಿದಳು. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅದು ಪಾಪ ಅಲ್ಲೇ ನಿಂತಿತ್ತಮ್ಮ, ಅಡ್ಡ ಬಂದಿಲ್ಲ," ಅಂದ. ನನ್ನನ್ನು ನೋಡಿ ಇಳಿದು ಬಂದ.

"ಸೂಜಿ ಬಗ್ಗೆ ಕೇಳೋಕೆ ಬಂದೆ ಉದ್ದಣ್ಣ."

ಅವನು ಕೀಲಿಗೊಂಚಲನ್ನು ಈ ಕೈಯಿಂದ ಆ ಕೈಗೆ ಹಾಕಿಕೊಂಡ. "ಅವನು ಹೇಳಿದ್ನಾ, ಕೊನೆಗೂ?"

"ಇಲ್ಲ."

"ಹೇಳ್ತೀನಿ ಅಂತಿದ್ದ. ನಾನು ಪ್ರತಿ ಸಲ ಕೇಳಿದಾಗಲೂ."

"ವಾಪಸ್ ಕೇಳಿದ್ನಾ ನಿನ್ನ ಹತ್ತಿರ? ಒಂದ್ಸಲನಾದ್ರೂ?"

ಹೌದು ಅಂದಿದ್ದರೆ ನಾನು ನಂಬಿಬಿಡುತ್ತಿದ್ದೆ. ಅವನು ಸುಳ್ಳು ಹೇಳಲಿಲ್ಲ. "ಇಲ್ಲ ಕಣಮ್ಮ. ಕೇಳಿದ್ರೆ ಕೊಡ್ತಿದ್ದೆ. ಚಿಕ್ಕವರು ನಾವು, ನನಗೂ ಗಿಡುಗದ ಹುಚ್ಚು. ಅವನಿಗೆ ಕೇಬಲ್ ಬೇಕಿತ್ತು. ಆಮೇಲೆ ನೀನು ಅತ್ತಿದ್ದು ನೋಡಿ ಅವನು ಹೆದರಿಬಿಟ್ಟ. ದಿನ ಕಳೀತು, ವರ್ಷ ಕಳೀತು."

"ಈಗ ಎಲ್ಲಿದೆ?"

"ಮನೇಲಿದೆ. ಸೆಲ್ ಬದಲಾಯಿಸೋವಾಗಲೂ ಹುಷಾರಾಗಿ ಇನ್ನೊಂದಕ್ಕೆ ಸಾಗಿಸಿ ಇಟ್ಟಿದ್ದೀನಿ. ಅದರ ಕೆಳಗೆ ನಿನ್ನ ಹೆಸರೇ ಇದೆ ನೋಡು, ಎಷ್ಟು ಸಲ ನೋಡಿದ್ರೂ ಮುಜುಗರ ಆಗುತ್ತೆ. ಬಂದು ತಗೊಂಡು ಹೋಗು."

"ಬೇಡ," ಅಂದೆ. ಯಾಕೆ ಬೇಡ ಅಂದೆನೋ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಹೊಟ್ಟೆ ಹಸಿಯುತ್ತಿತ್ತು. ಎರಡು ಬನ್ ತಿಂದೆ.

ಮಾರ್ಚ್ ೨೧, ಶುಕ್ರವಾರ

ಹದಿನೇಳು ಜೊತೆ. ಯಜಮಾನರು ಎರಡು ಸಲ ಬಂದು, "ಬೆಂಚು ನಡುಗ್ತಿದೆ, ಕಾಲು ಅಲ್ಲಾಡಿಸಬೇಡಮ್ಮ, ಅಂಚು ಓರೆ ಆಗುತ್ತೆ," ಅಂದರು. ಅಂಚು ಓರೆಯಾಗಿರಲಿಲ್ಲ, ಅಳೆದು ತೋರಿಸಿದೆ.

ಅತ್ತಿಗೆ ಫೋನು ಮಾಡಿದ್ದರು. ಚಿಣ್ಣಿಯನ್ನು ಭಾನುವಾರ ಕಳಿಸುತ್ತಾರಂತೆ, ಅವಳೇ ಕೂತು ಸಾಗಿಸುತ್ತಾಳಂತೆ. ಸರಿ ಅಂದೆ. ಶೂ ವಿಷಯ ಕೇಳಿದೆ. "ನಾನೇ ಬಿಚ್ಚಿದ್ದು," ಅಂದರು.

ಮಾರ್ಚ್ ೨೩, ಭಾನುವಾರ

ಸಂಜೆ ಏಳು. ಚಿಣ್ಣಿ ಬೆಳಿಗ್ಗೆ ಹತ್ತಕ್ಕೇ ಬಂದಳು, ಹಕ್ಕಿಗಳ ಹೆಸರು ಬರೆದುಕೊಳ್ಳಲು ಪುಸ್ತಕ ತಂದಿದ್ದಳು. ಹಾಸಿಗೆಯ ಮೇಲೆ ಎದುರುಬದುರು ಕೂತೆವು. ಅಣ್ಣನ ಗೇಮ್ ಅವಳ ಕೈಯಲ್ಲಿ, ನನ್ನದು ನನ್ನ ಕೈಯಲ್ಲಿ. ಕೂತ ಕೂಡಲೇ, "ಅತ್ತೆ, ಕಾಲು ಅಲ್ಲಾಡಿಸಬೇಡಿ ಆಯ್ತಾ," ಅಂದಳು, ಬಹಳ ಮೆಲ್ಲಗೆ, ನನಗೆ ನೋವಾಗಬಾರದು ಅನ್ನುವ ಹಾಗೆ.

ಹಕ್ಕಿಗಳು ಬರತೊಡಗಿದವು. ಪ್ರತಿಯೊಂದಕ್ಕೂ ಅವಳ ಹತ್ತಿರ ಒಂದು ಕಥೆ. ಈ ಕೊಕ್ಕರೆಗೆ ಅಪ್ಪ ಹೆಸರಿಟ್ಟದ್ದು ಅವರ ಆಫೀಸಿನ ಸಾಹೇಬರ ನೆನಪಿಗಂತೆ, ನಡಿಗೆ ಹಾಗೇ ಇದೆಯಂತೆ. ನಗುತ್ತ ನಗುತ್ತ ಎಷ್ಟು ಸಾಗಿಸಿದೆವೋ. ಎಂಟನೆಯದಕ್ಕೆ ಆ ಸಾಲು ಹೋಗಿರಬೇಕು. ನೋಡಲು ಮರೆತೆ.

ಇಂದು ಇಪ್ಪತ್ತೇಳು ಬಂದಿದ್ದವು. ಮುಂದಿನದನ್ನು ಅವಳು ಆರಿಸಿ ಒತ್ತಿದಳು. ಗಂಟೆ ಬಾರಿಸಲಿಲ್ಲ. ನನ್ನ ಪರದೆಯಲ್ಲಿ "ಸಂಪರ್ಕ ಕಡಿದಿದೆ" ಎಂದು ಬಂತು. ಅವಳದು ಬಿಳಿಯಾಗಿ ನಿಂತಿತು. ಆರಿಸಿ ಹಾಕಿದರೆ "ಹೊಸ ಆಟ" ಎಂದಷ್ಟೇ ತೋರಿಸಿತು. ಮತ್ತೆ ಹಾಕಿದೆವು. ಹೊಸ ಆಟ. ನಾಲ್ಕು ಹಕ್ಕಿ ಒಳಗೇ ಹೋದವು.

ಚಿಣ್ಣಿ ಕೇಬಲಿನ ಕಡೆ ನೋಡಿದಳು, ಆಮೇಲೆ ತನ್ನ ಮೊಣಕಾಲಿನ ಕಡೆ.

"ನಾನು ಅಲ್ಲಾಡಿದ್ನಾ ಅತ್ತೆ? ನನ್ನಿಂದ ಆಯ್ತಾ?"

ಹೌದೇನೋ ಅಂದಿದ್ದರೆ ಮುಗಿಯುತ್ತಿತ್ತು. ಏನೂ ಹೇಳದೆ ಸುಮ್ಮನಿದ್ದಿದ್ದರೂ ಸಾಕಿತ್ತು, ಅವಳೇ ಹಾಗೆ ಅಂದುಕೊಳ್ಳುತ್ತಿದ್ದಳು. ಎಷ್ಟು ಹತ್ತಿರದಲ್ಲಿತ್ತು ಆ ಮಾತು, ತುಟಿಯ ತುದಿಯಲ್ಲೇ.

"ಇಲ್ಲ," ಅಂದೆ. "ನನ್ನಿಂದ ಆಯ್ತು. ಒಳಗಿನ ಸೆಲ್ ಸತ್ತಿದ್ದು. ಬೇಗ ಸಾಗಿಸು ಅಂತ ತಾತ ಹೇಳಿದ್ರು, ನಾನು ಎರಡು ವಾರ ಡಬ್ಬಿ ಮುಟ್ಟಲಿಲ್ಲ. ಮುಟ್ಟಿದ್ರೆ ನಾಲ್ಕೂ ಉಳೀತಿದ್ವು."

"ಯಾಕೆ ಮುಟ್ಟಲಿಲ್ಲ?"

"ನಿಮ್ಮಪ್ಪನ ಮೇಲೆ ಸಿಟ್ಟು ಬಂದಿತ್ತು."

ಅತ್ತಿಗೆ ಬೇಡ ಅಂದಿದ್ದರು. ಆದರೂ ಎಲ್ಲ ಹೇಳಿದೆ. ತೋರಿಸಲು ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಅವಳು ಕೇಬಲಿನ ಬೆಸುಗೆಯ ಗಂಟನ್ನು ಉಗುರಿನಿಂದ ಕೆರೆಯುತ್ತ ಕೇಳಿದಳು.

"ಅಪ್ಪ ಸುಳ್ಳು ಹೇಳಿದ್ರಾ?"

"ಹೌದು."

"ನಂಗೂ?"

"ನಿಂಗೂ."

"ನೀವು ಸಿಟ್ಟು ಮಾಡ್ಕೊಂಡ್ರೆ ಹಕ್ಕಿ ಏನ್ ಮಾಡಿತ್ತು? ಅವು ನನ್ನವಾಗಿದ್ವು." ಅತ್ತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ, ಅವಳು ಹೇಳಿದ್ದು ಸರಿ ಇತ್ತು. ಅಮ್ಮ ಬಂದು ನೀರು ಕೊಟ್ಟರು, ನನ್ನ ಕಡೆ ಒಮ್ಮೆ ನೋಡಿದರು. ಸಂಜೆ ಅತ್ತಿಗೆ ಕರೆದೊಯ್ಯಲು ಬಂದಾಗ ಚಿಣ್ಣಿ ನನ್ನ ಗೇಮನ್ನು ಚೀಲಕ್ಕೆ ಹಾಕಿಕೊಂಡು ಅತ್ತಿಗೆಗಿಂತ ಮೊದಲೇ ಬಾಗಿಲು ದಾಟಿದಳು. ಅತ್ತಿಗೆಗೆ ನಾನೇ ಹೇಳಿದೆ, ಅವಳಿಗೆ ಎಲ್ಲ ಹೇಳಿದ್ದೇನೆ ಎಂದು. ಅವರು ಮುಖ ಬಿಗಿ ಮಾಡಿಕೊಂಡು ಮೆಟ್ಟಿಲಿಳಿದರು.

ಈಗ ಹತ್ತು ನಿಮಿಷದ ಹಿಂದೆ ಫೋನು ಬಂತು. ಅತ್ತಿಗೆ, "ತಗೋ, ಇವಳು ಮಾತಾಡ್ಬೇಕಂತೆ," ಅಂದರು. ಹಿಂದೆ ಪಾತ್ರೆಯ ಸದ್ದು.

"ಅತ್ತೆ, ಹಾಗಾದ್ರೆ ಸೂಜಿ ಸತ್ತಿಲ್ವಾ?"

"ಇಲ್ಲ."

"ನೋಡಬಹುದಾ?"

ನನಗೆ ಇನ್ನೂ ಅಣ್ಣನ ಮೇಲೆ ಸಿಟ್ಟಿದೆ. ಅದನ್ನೂ ಅವಳಿಗೆ ಹೇಳಿದೆ. "ಇರಲಿ," ಅಂದಳು, "ನಂಗೂ ನಿಮ್ಮ ಮೇಲೆ ಇದೆ."

ಉದ್ದಣ್ಣನಿಗೆ ಫೋನು ಮಾಡಿದೆ. ಅವನ ಕೊನೆಯ ಪಾಠ ನಾಲ್ಕಕ್ಕೆ ಮುಗಿಯುತ್ತದಂತೆ, ಆಮೇಲೆ ಮನೆಗೆ ಬನ್ನಿ ಅಂದ. ನಾಳೆ ಚಿಣ್ಣಿಯ ಶಾಲೆ ಮೂರೂವರೆಗೆ ಬಿಡುತ್ತದೆ, ಗೇಟಿನ ಬಳಿ ನಿಲ್ಲಲು ಅವಳಿಗೆ ಹೇಳಿದ್ದೇನೆ.